ಮೂಲೆ ತಿರುಗಿದ ಕೊನೆಯ ಸಾಲು

ಬಂಗಾರಪೇಟೆ ರೈಲ್ವೆ ಸ್ಟೇಷನ್ ಎದುರು ಒಂದು ಅಂಗಡಿಯ ಶಟರ್‌ಗೆ ಹಸಿರು ಬಣ್ಣ ಹೊಡೆಯುತ್ತಿದ್ದರು. ಎನಾಮೆಲ್ ಪೇಂಟು, ಅದಕ್ಕೆ ಬೆರೆಸಿದ ಟರ್ಪೆಂಟೈನು. ಆ ವಾಸನೆ ಮೂಗಿಗೆ ಬಂತು, ಅಷ್ಟೇ. ತರಕಾರಿಗೆಂದು ಹೊರಟವಳು ಚೀಲ ಮಡಚಿ ಬ್ಯಾಗಿಗೆ ಹಾಕಿಕೊಂಡು ಕೆಜಿಎಫ್ ಬಸ್ ಹತ್ತಿಬಿಟ್ಟೆ. ಭಾನುವಾರ. ರೂಮಿನಲ್ಲಿ ಕಾಯುವವರು ಯಾರೂ ಇಲ್ಲದಿದ್ದರೆ ಹೀಗೆ ಎಲ್ಲಿಗೆ ಬೇಕಾದರೂ ಹೊರಟುಬಿಡಬಹುದು, ಅದೊಂದು ಅನುಕೂಲ.

ತಮಾಷೆ ಏನೆಂದರೆ, ಅಷ್ಟು ಘಾಟು ವಾಸನೆ ನನಗೆ ನೆನಪು ಮಾಡಿಕೊಟ್ಟದ್ದು ವಾಸನೆಯೇ ಇಲ್ಲದ ಆರು ಅನಿಲಗಳನ್ನು. ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್, ರೇಡಾನ್. ಬಣ್ಣ ಇಲ್ಲ, ರುಚಿ ಇಲ್ಲ, ಯಾರ ಸಹವಾಸವೂ ಇಲ್ಲ. ಪುಸ್ತಕದಲ್ಲಿ ಇವುಗಳನ್ನು ಜಡಾನಿಲ ಅಂತಾರೆ, ಕೆಲವರು ಶ್ರೇಷ್ಠಾನಿಲ ಅಂತಾರೆ. ಜಡವೋ ಶ್ರೇಷ್ಠವೋ, ಅದು ನೋಡುವವರಿಗೆ ಬಿಟ್ಟದ್ದು.

ಆ ವರ್ಷ ನಾನು ಅಣ್ಣನ ಜೊತೆ ಕೆಜಿಎಫ್‌ನ ಊರಿಗಾಂ ಕಡೆ ಫ್ಯಾಕ್ಟರಿಯ ಕ್ವಾರ್ಟರ್ಸಿನಲ್ಲಿದ್ದೆ. ನಾವು ರಾಣೆಬೆನ್ನೂರು ಕಡೆಯವರು. ಅಣ್ಣನಿಗೆ ಇಲ್ಲಿಗೆ ವರ್ಗವಾಯಿತು, ಡಿಗ್ರಿ ಮುಗಿಸಿ ಸುಮ್ಮನೆ ಕೂತಿದ್ದ ನಾನೂ ಗಂಟುಮೂಟೆಯ ಜೊತೆ ಬಂದೆ. ಬೀದಿಯಲ್ಲಿ ತಮಿಳು, ಸಂತೆಯಲ್ಲಿ ತೆಲುಗು, ಹಳ್ಳಿಯವರ ಕನ್ನಡವೂ ನನ್ನ ಕನ್ನಡವಲ್ಲ. ನಾನು ಬಾಯಿ ಬಿಟ್ಟರೆ ಅಂಗಡಿಯವರು ಒಂದು ಸಲ ತಲೆ ಎತ್ತಿ ನೋಡುತ್ತಿದ್ದರು. ಹಾಗಾಗಿ ಬಾಯಿ ಬಿಡುವುದು ಕಡಿಮೆ ಮಾಡಿದೆ.

ಓದಿದ್ದು ಆರ್ಟ್ಸು. ಆದರೆ ಅಣ್ಣನ ಹಳೆಯ ಪಿಯುಸಿ ರಸಾಯನಶಾಸ್ತ್ರದ ಪುಸ್ತಕ ಕೈಗೆ ಸಿಕ್ಕಮೇಲೆ ನನಗೆ ಹುಚ್ಚು ಹತ್ತಿತ್ತು. ಮೊಬೈಲಿನಲ್ಲಿ ಪಾಠಗಳನ್ನು ನೋಡುವುದು, ಅರ್ಥವಾಗದಿದ್ದರೆ ಮತ್ತೆ ನೋಡುವುದು. ಅರ್ಥವಾದ ದಿನ ಒಂದು ಕಷ್ಟ. ಅದನ್ನು ಯಾರಿಗಾದರೂ ಹೇಳಬೇಕು. ಅಣ್ಣ ಶಿಫ್ಟ್ ಮುಗಿಸಿ ಬಂದು ಮಲಗುತ್ತಿದ್ದ. ಅತ್ತಿಗೆ “ಹೌದೇನವ್ವಾ” ಅಂದು ಕುಕ್ಕರಿನ ಕಡೆ ತಿರುಗುತ್ತಿದ್ದಳು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಆರ್ಗಾನ್ ಇರುತ್ತದೆ, ಪ್ರತಿ ಉಸಿರಿಗೂ ಒಳಗೆ ಹೋಗುತ್ತದೆ, ಒಳಗೆ ಯಾರನ್ನೂ ಮುಟ್ಟದೆ, ಯಾರಿಗೂ ಬೇಕಾಗದೆ, ಹೋದ ಹಾಗೇ ಹೊರಗೆ ಬರುತ್ತದೆ. ಇದು ಗೊತ್ತಾದ ಸಂಜೆ ನಾನು ತಾರಸಿ ಮೇಲೆ ಹೋಗಿ ಚಿನ್ನದ ಗಣಿಯ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆ ನೋಡುತ್ತಾ ಬಹಳ ಹೊತ್ತು ನಿಂತಿದ್ದೆ. ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಇದನ್ನು ಕೇಳಿ “ಆಮೇಲೆ?” ಅನ್ನುವ ಒಬ್ಬರು.

ಮಳೆಗಾಲದ ನಡುವೆ ಒಂದು ಕೆಲಸ ಸಿಕ್ಕಿತು. ಕ್ಯಾಸಂಬಳ್ಳಿ ದಾಟಿದ ಮೇಲೆ ಒಂದು ಸಣ್ಣ ಊರು, ಅಲ್ಲಿನ ಪಂಚಾಯ್ತಿ ಗ್ರಂಥಾಲಯ. ನೋಡಿಕೊಳ್ಳುತ್ತಿದ್ದವರು ಹೆರಿಗೆ ರಜೆ ಹಾಕಿದ್ದರು, ಅವರು ಬರುವ ತನಕ ನಾನು. ಬೀಗ ತೆಗೆದು ಪೇಪರ್ ಹರಡಿದರೆ ಅರ್ಧ ಕೆಲಸ ಮುಗಿಯಿತು. ಬರುವವರು ನಾಲ್ಕೈದು ಮಂದಿ ಮುದುಕರು. ಬೆಲೆ ನೋಡಿ, ಸತ್ತವರ ಫೋಟೋ ನೋಡಿ, ಎದ್ದು ಹೋಗುವರು. ಹುಡುಗರಿಗೆ ಫೋನಿತ್ತು. ಹೊರಗೆ ರಾಗಿ ಹೊಲದ ಮೇಲೆ ತುಂತುರು, ಒಳಗೆ ನಾನು ಮತ್ತು ಫ್ಯಾನು.

ಆಗ ನನಗೆ ಹೊಳೆದದ್ದು ಗೋಡೆ. ರಸ್ತೆಗೆ ಮುಖ ಮಾಡಿದ ಉದ್ದನೆಯ ಖಾಲಿ ಗೋಡೆ. ಅದರ ಮೇಲೆ ಇಡೀ ಆವರ್ತ ಕೋಷ್ಟಕ ಬರೆಸಿದರೆ, ಲೋಕದಲ್ಲಿರುವ ಮೂಲವಸ್ತುಗಳೆಲ್ಲ ಒಂದೊಂದು ಮನೆಯಲ್ಲಿ ಕೂತಿದ್ದರೆ, ದಾರಿಯಲ್ಲಿ ಹೋಗುವವರು ಒಬ್ಬರಾದರೂ ನಿಂತು ಇದೇನು ಅಂತ ಕೇಳುವುದಿಲ್ಲವೇ? ಪಂಚಾಯ್ತಿಯಲ್ಲಿ ಘೋಷಣೆ ಬರೆಸಿ ಉಳಿದ ಬಣ್ಣದ ಡಬ್ಬಗಳಿದ್ದವು. ಬರೆಯುವವರೂ ಸಿಕ್ಕರು, ಕೆಜಿಎಫ್‌ನ ಸೆಲ್ವಂ. ಅಂಗಡಿ ಬೋರ್ಡು, ಎಲೆಕ್ಷನ್ ಗೋಡೆ, ಶಾಲೆಯ ನಕ್ಷೆ ಎಲ್ಲ ಬರೆದು ಪಳಗಿದ ಕೈ.

ಸೆಲ್ವಂ ಟೇಪು ಮುಟ್ಟುವವರಲ್ಲ. ಅವರ ಅಪ್ಪ ಕಲಿಸಿದ ಹಾಗೆ ಮೊಳವೇ ಅಳತೆ. ಎಡತುದಿಯಿಂದ ಶುರು ಮಾಡಿ, ಮೊಣಕೈ ಊರಿ, ಬೆರಳ ತುದಿಗೆ ಗುರುತು, ಮತ್ತೆ ಮೊಣಕೈ. ಸುಣ್ಣದ ದಾರ ಎಳೆದು ಚಟ್ ಅಂತ ಬಿಟ್ಟರೆ ಗೆರೆ. ಹೈಡ್ರೋಜನ್, ಸೋಡಿಯಂ, ಕಬ್ಬಿಣ, ಬೆಳ್ಳಿ, ಚಿನ್ನ. ಚಿನ್ನದ ಮನೆಗೆ ಮಾತ್ರ ಯಾರೂ ಹೇಳದೆ ಎರಡು ಕೋಟು ಹಳದಿ ಹೊಡೆದರು. “ನಮ್ಮೂರದು ಸಿಸ್ಟರ್, ಬಿಡಕ್ಕಾಗಲ್ಲ.” ಕ್ಲೋರಿನ್ ಸಾಲು ಮುಗಿಯುವ ಹೊತ್ತಿಗೆ ಗೋಡೆಯೂ ಮುಗಿಯಿತು. ಒಂದು ಸಾಲು ಇನ್ನೂ ಬಾಕಿ ಇತ್ತು.

ಸೆಲ್ವಂ ಬ್ರಷ್ ಕಿವಿಗೆ ಸಿಕ್ಕಿಸಿಕೊಂಡು ನನ್ನ ಮೊಬೈಲಿನ ಚಿತ್ರ ನೋಡಿದರು. “ಈ ಲಾಸ್ಟು ಲೈನ್ ಏನ್ ಮಾಡುತ್ತೆ ಸಿಸ್ಟರ್?”

“ಏನೂ ಮಾಡಂಗಿಲ್ರಿ. ಯಾರ ಕೂಡನೂ ಸೇರಂಗಿಲ್ಲ.”

“ಅಪ್ಪಡಿಯಾ? ಹಾಗಾದ್ರೆ ಬಿಟ್ಬಿಡೋಣ. ಸುಮ್ನೆ ಇರೋರಿಗೆ ಜಾಗ ಯಾಕೆ?”

ನನಗೆ ಯಾಕೋ ಕಣ್ಣು ತುಂಬಿ ಬಂತು. ಒಂದು ಸಾಲು ಅನಿಲಕ್ಕೆ ಯಾರಾದರೂ ಅಳುತ್ತಾರೆಯೇ? ಸೆಲ್ವಂ ಗಾಬರಿಯಾದರು. “ಅಯ್ಯೋ, ಟೆನ್ಷನ್ ಬೇಡ ಸಿಸ್ಟರ್. ಮೂಲೆ ತಿರುಗಿಸ್ಬಿಡ್ತೀನಿ.”

ಅದು ಗೋಡೆ ಬರೆಯುವವರ ಪದ್ಧತಿಯಂತೆ. ಘೋಷಣೆ ಉದ್ದವಾಗಿ ಗೋಡೆ ಸಾಲದಿದ್ದರೆ ಅಕ್ಷರ ಕುಗ್ಗಿಸಬಾರದು, ಮೂಲೆ ತಿರುಗಿಸಬೇಕು. “ಬರೋ ಬಸ್ಸಿನವರಿಗೆ ಒಂದು ಗೋಡೆ, ಹೋಗೋ ಬಸ್ಸಿನವರಿಗೆ ಒಂದು ಗೋಡೆ.” ನಿಜ, ಬಸ್ಸು ನಿಲ್ಲುವುದು ಗ್ರಂಥಾಲಯ ದಾಟಿ ಆಚೆ, ಹಾಲಿನ ಡೇರಿ ಮುಂದೆ. ಅಲ್ಲಿ ಹತ್ತಿ ಕೆಜಿಎಫ್ ಕಡೆಗೆ ಹೊರಟವರಿಗೆ ಮೊದಲು ಎದುರಾಗುವುದು ಆ ಪಕ್ಕದ ಗೋಡೆ. ಊರು ಬಿಟ್ಟು ಹೋಗುವವರಿಗೆ ಮಾತ್ರ ಕಾಣುವ ಗೋಡೆ.

ಹಾಗೆ ಆ ಆರೂ, ತಮ್ಮವರ ಸಾಲಿನಿಂದ ಒಂದು ಮೂಲೆಯಾಚೆ, ಬೇರೆ ಗೋಡೆಯ ಅಂಚಿನಲ್ಲಿ ಮೇಲಿಂದ ಕೆಳಗೆ ನಿಂತವು. ಏಳನೆಯದೊಂದಿದೆ, ಮನುಷ್ಯರು ಮಾಡಿದ್ದು, ಹುಟ್ಟಿದ ಗಳಿಗೆಯಲ್ಲೇ ಒಡೆದು ಹೋಗುವಂಥದ್ದು. ಅದರ ಮನೆಗೆ, ಕೂರಲೆಂದು ಗೋಡೆಗೆ ಒತ್ತಿ ಹಾಕಿದ್ದ ಕಲ್ಲುಚಪ್ಪಡಿ ಅಡ್ಡ ಬಂತು.

ರಸ್ತೆ ಕಡೆಯ ಮುಂದಿನ ಗೋಡೆಯ ಹತ್ತಿರ ಯಾರೂ ನಿಲ್ಲಲಿಲ್ಲ. ಒಬ್ಬರು ಮಾತ್ರ ಕ್ಯಾಲೆಂಡರಾ ಅಂತ ಕೇಳಿ, ಅಲ್ಲ ಅಂದಮೇಲೆ ಹೋದರು.

ಕೇಳಿದವರು ಪಕ್ಕದ ಗೋಡೆಯ ಹತ್ತಿರ ಸಿಕ್ಕರು. ಸಂಜೆ ಡೇರಿ ತೆರೆಯುವ ಮುಂಚೆ ಹಾಲು ತಂದ ಹೆಂಗಸರೆಲ್ಲ ಡೇರಿ ಜಗಲಿಯಲ್ಲಿ ಕೂತು ಹರಟುತ್ತಿದ್ದರು. ರತ್ನಮ್ಮ ಅನ್ನುವವರು ಮಾತ್ರ ಕ್ಯಾನು ಎತ್ತಿಕೊಂಡು ಇಷ್ಟು ದೂರ ಬಂದು ನಮ್ಮ ಕಲ್ಲುಚಪ್ಪಡಿಯ ಮೇಲೆ ಒಬ್ಬರೇ ಕೂರುವರು. ಗೋಡೆಗೆ ತಲೆ ಆನಿಸಿದರೆ ಸರಿಯಾಗಿ ಕ್ಸೆನಾನ್ ಮನೆ. ಒಂದು ದಿನ ತಿರುಗಿ ನೋಡಿ, “ಅಮ್ಮಣ್ಣಿ, ಇವ್ರನ್ಯಾಕೆ ಈ ಕಡೆ ಆಕೀರಾ? ಭಾಗ ಆಗೋದ್ರಾ?” ಅಂದರು.

ನಾನು ಕಿಟಕಿ ಮುಚ್ಚುವುದನ್ನೂ ಬಿಟ್ಟು ಓಡಿ ಬಂದೆ. ಸೀಮೆಸುಣ್ಣ ತಂದು ಚಪ್ಪಡಿಯ ಮೇಲೇ ಬರೆದೆ. ನಡುವೆ ಒಂದು ದಪ್ಪ ಚುಕ್ಕಿ, ಸುತ್ತ ಬಳೆಗಳು.

“ಇದೇನ್ ಮುಗ್ಗು?” ಅಂದರು. ಆ ಕಡೆ ರಂಗೋಲಿಗೆ ಹಾಗಂತಾರೆ.

“ಪರಮಾಣುರಿ. ನಡುವಿರೋದು ಬೀಜ. ಸುತ್ತ ಇರೋ ಚುಕ್ಕಿ ಎಲೆಕ್ಟ್ರಾನು. ಒಳಗಿನ ಸುತ್ತಿನ್ಯಾಗ ಎರಡಕ್ಕ ಜಾಗ, ಅದರಾಚೆ ಎಂಟಕ್ಕ. ಸೋಡಿಯಂಗ ಹೊರಗಿನ ಸುತ್ತಿನ್ಯಾಗ ಒಂದೇ ಒಂದು ಚುಕ್ಕಿ ಐತಿ, ಅದನ್ನ ಯಾರಿಗರೆ ಕೊಟ್ಟು ಕೈ ತೊಳಕೊಂಡ್ರ ಸಾಕು ಅಂತೈತಿ. ಕ್ಲೋರಿನ್ನಿಗೆ ಒಂದು ಕಮ್ಮಿ, ಅದು ಕಸಕೊಳ್ಳಾಕ ಕಾಯ್ತೈತಿ. ಎರಡೂ ಸೇರಿದ್ರ ಉಪ್ಪು.”

“ಒಬ್ಬಳ್ಗೆ ಎಚ್ಚು, ಒಬ್ಬಳ್ಗೆ ಕಮ್ಮಿ. ಅದುಕ್ಕೇ ಸಂಸಾರ,” ಅಂದರು ರತ್ನಮ್ಮ. “ಆಮೇಲೆ?”

ಆಮೇಲೆ ಅಂದರು. ನಾನು ಪಕ್ಕದಲ್ಲೇ ಇನ್ನೊಂದು ಬಳೆ ಎಳೆದು ಎಂಟೂ ಚುಕ್ಕಿ ಇಟ್ಟೆ.

“ಈ ಸಾಲಿನವರಿಗೆ ಹೊರಗಿನ ಸುತ್ತು ತುಂಬೇ ಐತ್ರಿ. ಕೊಡಾಕೂ ಇಲ್ಲ, ತೊಗೊಳ್ಳಾಕೂ ಜಾಗ ಇಲ್ಲ. ಅದಕ್ಕ ಯಾರನ್ನೂ ಕರಿಯಂಗಿಲ್ಲ, ಯಾರ ಮನಿಗೂ ಹೋಗಂಗಿಲ್ಲ.”

ಅವರು ಚಪ್ಪಡಿಯ ಮೇಲಿನ ಚಿತ್ರದ ಹೊರಬಳೆಯ ಮೇಲೆ ಬೆರಳಾಡಿಸಿದರು. “ಎಳೆ ಮುಚ್ಕಂಡ ಮುಗ್ಗು. ಎಲ್ಲೂ ಬಾಯಿ ಬಿಟ್ಟಿಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ನೀನ್ಯಾಕೆ ಎಲ್ಲಾರ್ಗೂ ರೀ ಅಂತೀಯ? ನನ್ಗಂಡನೂ ನನ್ನ ಅಷ್ಟ್ ಮರ್ಯಾದೆಯಾಗ್ ಕರ್ದಿಲ್ಲ,” ಅಂದು ನಕ್ಕರು.

ಅಂದಿನಿಂದ ಸಂಜೆ ನಾನು ಅವರ ಪಕ್ಕ ಕೂರುತ್ತಿದ್ದೆ. ಅವರ ತಲೆ ಕ್ಸೆನಾನ್‌ಗೆ, ನನ್ನದು ಪಕ್ಕದ ಬರಿ ಗೋಡೆಗೆ. ಹರಳೆಣ್ಣೆ ಹಚ್ಚಿ ಬಿಗಿದು ಬಾಚಿದ ತಲೆ, ದಿನ ಕಳೆದಂತೆ ಕ್ಸೆನಾನ್ ಮನೆಯ ಮೇಲೆ ಒಂದು ಎಣ್ಣೆಯ ಗುರುತು ಬಿತ್ತು. ರಾಗಿ ಕಟಾವಾಯಿತು. ಬೇತಮಂಗಲದ ಕೆರೆ ಕಡೆಯಿಂದ ಚಳಿಗಾಳಿ ಬರತೊಡಗಿತು. ಬೆಳಗಿನ ಬಸ್ಸಿನ ಹೊತ್ತಿಗೆ ಮಂಜು ಎಷ್ಟಿರುತ್ತಿತ್ತೆಂದರೆ ಕಂಡಕ್ಟರೇ ಊರು ಯಾವುದೆಂದು ಇಳಿದು ನೋಡಬೇಕು. ಅಂಥ ಒಂದು ದಿನ ನಾನು ಹೇಳಿದೆ, ನಿಜವಾಗಿ ಎಲೆಕ್ಟ್ರಾನು ಬಳೆಯ ಹಾಗೆ ಸುತ್ತುವುದಿಲ್ಲ, ಬೆಳಗಿನ ಮಂಜಿನ ಹಾಗೆ ಬೀಜದ ಸುತ್ತ ಹರಡಿರುತ್ತದೆ, ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ, ಲೆಕ್ಕ ಹಿಡಿಯಲು ಮಾತ್ರ ಬಳೆ. “ಮೊದ್ಲೇ ಏಳ್ಬಾರ್ದಾ? ಮನೆಗೋಗಿ ಬಾಗ್ಲಲ್ಲಿ ಬಳೆ ಮುಗ್ಗೇ ಆಕ್ಬಿಟ್ಟೆ,” ಅಂದರು.

ಡೇರಿ ಜಗಲಿಗೆ ಅವರು ಯಾಕೆ ಹೋಗುವುದಿಲ್ಲ ಎಂಬುದು ಸ್ವಲ್ಪ ಸ್ವಲ್ಪವಾಗಿ ಗೊತ್ತಾಯಿತು. ಅಲ್ಲಿ ನಾರಾಯಣಮ್ಮ ಇರುತ್ತಿದ್ದರು, ಅವರ ವಾರಗಿತ್ತಿ. ಒಂದೇ ಒಲೆಯಲ್ಲಿ ವರ್ಷಗಟ್ಟಲೆ ಮುದ್ದೆ ತೊಳಸಿದವರು. ಅಣ್ಣತಮ್ಮಂದಿರು ಭಾಗವಾದಾಗ, ರತ್ನಮ್ಮ ಸಾಕಿದ ಕಡಸು ನಾರಾಯಣಮ್ಮನ ಪಾಲಿಗೆ ಹೋಯಿತು. ಒಂದು ದಿನ ಹೊಟ್ಟೆ ಉಬ್ಬರಿಸಿ ಸತ್ತಿತು. ನೋಡಲು ಹೋದ ರತ್ನಮ್ಮ ಎಲ್ಲರೆದುರು ಒಂದು ಮಾತು ಅಂದರು, “ನನ್ ಕೈಯಾಗಿದ್ದಿದ್ರೆ ಬದುಕ್ತಿತ್ತು.” ಅಷ್ಟೇ. ಆಮೇಲೆ ಇಬ್ಬರೂ ಮಾತಾಡಿಲ್ಲ. ಹಾಲು ಅಳೆಸುವ ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತರೂ ನಡುವೆ ಕ್ಯಾನು ಇಟ್ಟುಕೊಳ್ಳುವರು.

ನನ್ನದು ಅರೆಬೆಂದ ಉತ್ಸಾಹ. ಇದಕ್ಕೂ ನನ್ನ ಹತ್ತಿರ ರಸಾಯನಶಾಸ್ತ್ರವಿತ್ತು. ನನ್ನ ಬದಲಿ ಕೆಲಸ ಮುಗಿಯಲು ಕೆಲವೇ ದಿನ ಉಳಿದಾಗ ಕ್ಸೆನಾನ್ ಕಥೆ ಹೇಳಿದೆ.

“ಅಮ್ಮಾರ, ಇವು ಯಾರ ಕೂಡನೂ ಸೇರಂಗಿಲ್ಲ ಅಂತ ನಮ್ಮ ಅಜ್ಜಂದಿರ ಕಾಲದ ವಿಜ್ಞಾನಿಗಳೆಲ್ಲ ಬರದಿಟ್ಟಿದ್ರು. ಒಂದೆರಡು ಸಲ ಸೇರಿಸಾಕ ನೋಡಿ ಬಿಟ್ಟಿದ್ರು. ಆಮೇಲೆ ಒಬ್ಬರು ವಿಚಾರ ಮಾಡಿದ್ರು. ನಿಮ್ಮ ತಲಿ ಹಿಂದ ಇರೋ ಈ ಕ್ಸೆನಾನ್ ದೊಡ್ಡದ್ರಿ. ಸುತ್ತಿನ ಮ್ಯಾಲೆ ಸುತ್ತು, ಸುತ್ತಿನ ಮ್ಯಾಲೆ ಸುತ್ತು. ಕಡೀ ಸುತ್ತು ಬೀಜದಿಂದ ಭಾಳ ದೂರ.”

“ದೂರದೂರ್ಗೆ ಕೊಟ್ಟ ಮಗ್ಳಂಗೆ,” ಅಂದರು.

“ಹೌದ್ರಿ. ತವರುಮನಿ ಹಿಡಿತ ಕಮ್ಮಿ. ಜಗ್ಗುವವರು ಜೋರಿದ್ರ ಬಂದಾವು ಅಂತ ಅವರಿಗನಸ್ತು. ಫ್ಲೋರಿನ್ ತುಂಬಿಕೊಂಡಿರೋ ಒಂದು ಕೆಂಪು ಅನಿಲ ಇತ್ತು. ಒಂದು ಕಡೆ ಅದು, ಒಂದು ಕಡೆ ಕ್ಸೆನಾನ್, ನಡುವೆ ತಡೆ. ತಡೆ ತಗದ್ರು, ಅಷ್ಟ. ಬಿಸಿ ಮಾಡಲಿಲ್ಲ, ಏನಿಲ್ಲ. ಅಲ್ಲೇ ಆ ಗಳಿಗ್ಯಾಗ ಅರಿಶಿನದಂಥ ಪುಡಿ ಆತು.”

ರತ್ನಮ್ಮ ತಲೆ ತಿರುಗಿಸಿ ಕ್ಸೆನಾನ್ ಮನೆಯನ್ನು ನೋಡಿದರು, ಅದು ತಮ್ಮಿಂದ ಏನೋ ಮುಚ್ಚಿಟ್ಟಿತ್ತು ಎಂಬಂತೆ. ನಾನು ಮುಖ್ಯ ಮಾತಿಗೆ ಬಂದೆ. “ಅಂದ್ರ, ಸೇರಾಕ ಆಗಂಗಿಲ್ಲ ಅನ್ನೋದು ಸುಳ್ಳಿತ್ತು. ನೀವೂ ಒಮ್ಮೆ ಮಾತಾಡಿಸಿ ನೋಡ್ರಿ.”

ಅವರು ಕ್ಯಾನಿನ ಮುಚ್ಚಳ ತೆಗೆದು ಮತ್ತೆ ಬಿಗಿದರು. ಆಮೇಲೆ, “ಆ ಫ್ಲೋರಿನ್ನು ಎಂಗೆ ಮನ್ಸಿ?”

“ಭಾಳ ಕೆಟ್ಟದ್ರಿ. ಸಿಕ್ಕಿದ್ದನ್ನೆಲ್ಲ ಸುಡತೈತಿ. ಗಾಜನ್ನೂ ತಿನ್ನೋ ಜಾತಿ.”

“ಅಂಗಾದ್ರೆ ಬ್ಯಾಡ ಬಿಡು ತಾಯಿ. ಇಂಗೇ ಇರ್ತೀನಿ,” ಅಂದು ಕ್ಯಾನು ಎತ್ತಿಕೊಂಡು ಹೋದರು.

ಕೊನೆಯ ದಿನ ಬೀಗದ ಕೈ ಒಪ್ಪಿಸಿ ಬಂದಾಗ ಅವರು ಚಪ್ಪಡಿಯ ಮೇಲಿದ್ದರು. ನಾನು ಆಗಾಗ ಬರುತ್ತೇನೆ ಅಂದೆ. “ಬತ್ತೀನಿ ಅಂದೋರೆಲ್ಲ ಅಂಗೇ ಅನ್ನೋದು,” ಅಂದರು, ಬೈದಂತಲ್ಲ, ಸುಮ್ಮನೆ. ಬಸ್ಸು ಹೊರಟಾಗ ಆ ಗೋಡೆ ಎದುರಾಯಿತು. ಆರು ಮನೆ, ಕೆಳಗೆ ಒಬ್ಬರು, ಪಕ್ಕದಲ್ಲಿ ನಾನು ಕೂರುತ್ತಿದ್ದ ಜಾಗ. ಹೋಗೋ ಬಸ್ಸಿನವರಿಗೆ ಒಂದು ಗೋಡೆ ಅಂತ ಸೆಲ್ವಂ ಹೇಳಿದ್ದು ಯಾರಿಗೆಂದು ಆಗ ಗೊತ್ತಾಯಿತು.

ಅವರ ಮಾತೇ ನಿಜವಾಯಿತು. ಅಣ್ಣನಿಗೆ ಮತ್ತೆ ವರ್ಗ, ನನಗೆ ಬಂಗಾರಪೇಟೆಯ ಜೆರಾಕ್ಸ್ ಸೆಂಟರಿನಲ್ಲಿ ಕೆಲಸ, ಸ್ಟೇಷನ್ ಹಿಂದೆ ಒಂದು ರೂಮು. ನಾಳೆ ಹೋಗೋಣ, ಮುಂದಿನ ವಾರ ಹೋಗೋಣ ಅನ್ನುತ್ತಲೇ ಎರಡು ಸುಗ್ಗಿ ಕಳೆದವು. ಈ ಭಾನುವಾರದ ಪೇಂಟಿನ ವಾಸನೆ ಬರದಿದ್ದರೆ ಮೂರನೆಯದೂ ಕಳೆಯುತ್ತಿತ್ತು.

ಕೆಜಿಎಫ್‌ನಲ್ಲಿ ಬಸ್ಸು ಬದಲಿಸಿ, ಆ ಊರಿನಲ್ಲಿ ಇಳಿದು ನೋಡಿದರೆ ಗ್ರಂಥಾಲಯದ ಮುಂದಿನ ಗೋಡೆ ಪೂರ್ತಿ ಬಿಳಿ. ಅದರ ಮೇಲೆ ಊರನ್ನು ಚೊಕ್ಕಟವಾಗಿಡಿ ಎಂಬ ನೀಲಿ ಅಕ್ಷರ. ಹೈಡ್ರೋಜನ್ ಇಲ್ಲ, ಕಬ್ಬಿಣ ಇಲ್ಲ, ಎರಡು ಕೋಟು ಹೊಡೆದ ಚಿನ್ನವೂ ಇಲ್ಲ. ಮೂಲೆ ತಿರುಗಿದೆ. ಆರೂ ಇದ್ದವು. ಬಿಸಿಲಿಗೆ ಸ್ವಲ್ಪ ಮಾಸಿದ್ದವು, ಅಷ್ಟೇ. ಎಲ್ಲ ಹೋದ ಮೇಲೂ ಇರುವುದು ಅವುಗಳ ಜಾತಿಗುಣವೇ ಅಂದುಕೊಂಡು ನಗು ಬಂತು. ಆಮೇಲೆ ಕಂಡದ್ದು ಎಣ್ಣೆಯ ಗುರುತು. ಕ್ಸೆನಾನ್ ಮನೆಯ ಮೇಲಿನದು ಕಪ್ಪಾಗಿ, ಅಗಲವಾಗಿ, ಹಳೆಯದು. ಅದರ ಪಕ್ಕ, ಬರಿ ಗೋಡೆಯ ಮೇಲೆ, ನನ್ನ ಜಾಗದಲ್ಲಿ ಇನ್ನೊಂದು. ನನ್ನ ತಲೆಗಿಂತ ಗೇಣು ಕೆಳಗೆ. ನಾನು ತಲೆಗೆ ಎಣ್ಣೆ ಹಚ್ಚುವವಳಲ್ಲ.

ಕಾದು ನಿಂತೆ. ಹಾಲಿನ ಹೊತ್ತಿಗೆ ಇಬ್ಬರು ಬಂದರು. ಒಂದು ದೊಡ್ಡ ಕ್ಯಾನು, ಒಂದು ಹಿಡಿಗೆ ಒಬ್ಬರ ಕೈ, ಇನ್ನೊಂದಕ್ಕೆ ಇನ್ನೊಬ್ಬರದು. ಅರ್ಧ ಫರ್ಲಾಂಗಿನಿಂದಲೇ ಜಗಳ ಕೇಳುತ್ತಿತ್ತು.

“ನೀನ್ ಮೇಲೆತ್ತಿದ್ರೆ ಬಾರ ನನ್ ಕಡೀಕೆ ಬತ್ತದೆ ಕಣೇ.”

“ನೀನ್ ಗಿಡ್ಡಕ್ ಉಳ್ದಿದ್ದು ನನ್ ತಪ್ಪಾ?”

ರತ್ನಮ್ಮ ನನ್ನನ್ನು ಕಂಡು ಕ್ಯಾನು ಕೆಳಗಿಟ್ಟರು. ಕೆನ್ನೆ ಹಿಡಿದು ನೋಡಿದರು. “ಸೊರಗೋಗಿದ್ದೀಯ. ಮಾಡಾಕೋರ್ ಯಾರೂ ಇಲ್ವೇನು?” ಆಮೇಲೆ ಪಕ್ಕದವರಿಗೆ, “ಇವ್ಳೇ ಕಣೇ ನಾರಾಯಣಿ, ನಮ್ ಮುಗ್ಗಿನ ಅಮ್ಮಣ್ಣಿ.”

ಇದೆಲ್ಲ ಹೇಗಾಯಿತು ಅಂತ ನಾನು ಕೇಳಿದೆ. ಫ್ಲೋರಿನ್ ಬೇಡ ಅಂದಿದ್ದರಲ್ಲ?

“ಏನ್ ಮಾಡ್ಲಿ? ನೀನ್ ಸಂಜೆ ಮಾತಿನ್ ಚಟ ಅತ್ತಿಸಿ ಓಗ್ಬಿಟ್ಟೆ. ಇಲ್ಲಿ ಕುಂತ್ರೆ ಬಾಯಿ ತುರ್ಸದು. ಗೋಡೆ ಕೂಡೆ ಎಷ್ಟ್ ದಿನ ಮಾತಾಡ್ಲಿ? ಒಂದಿನ ಇವ್ಳು ಕ್ಯಾನ್ ತಕಂಡು ಓಗ್ತಿದ್ಲು. ಬಾರೇ ಇಲ್ಲಿ, ನಿಂಗೊಂದು ವಿಸ್ಯ ಏಳ್ಬೇಕು ಅಂದೆ.”

“ನಾನು ಕಡಸಿನ ವಿಸ್ಯ ಅನ್ಕಂಡೆ,” ಅಂದರು ನಾರಾಯಣಮ್ಮ. “ಬಂದ್ರೆ ಉಪ್ಪು ಎಂಗಾಯ್ತದೆ ಅಂತ ಸುರು ಮಾಡಿದ್ಲು. ಅದ್ರಾಗೆ ಫ್ಲೋರಿನ್ ಅಂದ್ರೆ ನಾನೇ ಅಂತೆ.”

“ಸುಣ್ಣ ಬಳಿಯೋರು ಬಂದ್ರು,” ಅಂದರು ರತ್ನಮ್ಮ. “ಮುಂದ್ಗಡೆ ಬಳ್ಕಂಡು ಈ ಕಡೀಕೆ ಬಂದು, ಮೇಲೇಳ್ರಮ್ಮಾ ಅಂದ್ರು. ನಾವ್ ಕುಂತಿದ್ವಲ್ಲ. ಏಳ್ಲಿಲ್ಲ.”

“ಕತ್ಲಾಗೋವರ್ಗೂ ಏಳ್ಲಿಲ್ಲ,” ಅಂದರು ನಾರಾಯಣಮ್ಮ, ಬಹಳ ಸಮಾಧಾನದಿಂದ.

ಇಬ್ಬರೂ ತಂತಮ್ಮ ಗುರುತಿಗೆ ತಲೆ ಆನಿಸಿ ಕೂತರು. ನಾನು ಎದುರು ನಿಂತಿದ್ದೆ. ನನಗೆ ಸಂತೋಷವಾಗಿತ್ತು, ಅದರಲ್ಲಿ ಸುಳ್ಳಿಲ್ಲ. ಆ ಸಂತೋಷದ ನಡುವೆ ಎಲ್ಲೋ ಒಂದು ಕಡೆ, ತುಂಬಿದ ಬಸ್ಸಿನ ಬಾಗಿಲಲ್ಲಿ ಒಂದು ಕಾಲು ಮಾತ್ರ ಒಳಗಿಟ್ಟು ನಿಂತ ಹಾಗೆ ಅನ್ನಿಸುತ್ತಿತ್ತು. ಹೇಳಲು ಹೊಸದು ಬಹಳ ಇತ್ತು, ಕ್ರಿಪ್ಟಾನ್ ಕೂಡ ಫ್ಲೋರಿನ್ ಜೊತೆ ಸೇರುತ್ತದೆ, ಆರ್ಗಾನ್ ಬಲು ಚಳಿಯಲ್ಲಿ ಮಾತ್ರ, ನಿಯಾನ್ ಇನ್ನೂ ಯಾರಿಗೂ ಒಲಿದಿಲ್ಲ. ಯಾವುದರಿಂದ ಶುರು ಮಾಡಲಿ ಎಂದು ತಿಳಿಯಲಿಲ್ಲ.

“ಸರ್ಕಳೇ ವಸಿ,” ಅಂದರು ರತ್ನಮ್ಮ. “ಅಮ್ಮಣ್ಣಿ ಕುಂತ್ಕಳ್ಲಿ.”

ನಾರಾಯಣಮ್ಮ ಗೊಣಗುತ್ತಾ ಚಪ್ಪಡಿಯ ಅಂಚಿಗೆ ಸರಿದರು. ನಡುವೆ ಜಾಗವಾಯಿತು. ಅಷ್ಟರಲ್ಲಿ ಡೇರಿ ಮುಂದೆ ಹಾರ್ನು ಕೇಳಿತು. ಅದು ತಪ್ಪಿದರೆ ಆವತ್ತು ಬಂಗಾರಪೇಟೆ ಮುಟ್ಟಲು ಬೇರೆ ಬಸ್ಸಿರಲಿಲ್ಲ. “ಬತ್ತೀನಿ,” ಅಂದೆ, ಅವರ ಕನ್ನಡದಲ್ಲೇ.

ಓಡಿ ಹತ್ತಿ ಕಿಟಕಿ ಪಕ್ಕ ಕೂತೆ. ಬಸ್ಸು ಹೊರಟಿತು, ಗೋಡೆ ಎದುರಾಯಿತು. ಇಬ್ಬರೂ ಏನೋ ವಾದ ಮಾಡುತ್ತಿದ್ದರು, ಒಬ್ಬರ ಕೈ ಕ್ರಿಪ್ಟಾನ್ ಕಡೆ ತೋರಿಸುತ್ತಿತ್ತು. ನಾರಾಯಣಮ್ಮ ಇನ್ನೂ ಚಪ್ಪಡಿಯ ಅಂಚಿನಲ್ಲೇ ಇದ್ದರು. ಸರಿದು ಕೊಟ್ಟ ಜಾಗ ನಡುವೆ ಹಾಗೇ ಖಾಲಿ ಇತ್ತು.